ಮುಕ್ಕಾಲಿ ಖಾಲಿಯಾದ ದಿನ

ಆ ಭಾನುವಾರ ಬೆಳಿಗ್ಗೆ ಮಹಾಲಿಂಗಪ್ಪನವರು ಐಸ್ ಹಾಕಿದ ಸೋಡಾ ಕುಡಿಯದಿದ್ದರೆ ಕಮಲಾಕರ ಎಂದಿನಂತೆ ಪರದೆಯ ಮರೆಯಲ್ಲೇ ಇರುತ್ತಿದ್ದ. ಮದರಾಸಿನ ನುಂಗಂಬಾಕ್ಕಂನಲ್ಲಿ ಕನ್ನಡದವರು ವರ್ಷಕ್ಕೊಂದು ಆಡುವ ನಾಟಕಕ್ಕೆ ಆರು ವರ್ಷದಿಂದ ಅವನೇ ಪ್ರಾಂಪ್ಟರ್. ಮುಕ್ಕಾಲಿಯ ಮೇಲೆ ಕೂತು, ಮಾತು ಮರೆತವರಿಗೆಲ್ಲ ಪಿಸುಗುಟ್ಟುವ ಕೆಲಸ. ಚಪ್ಪಾಳೆ ಮಾತ್ರ ಮರೆತವರಿಗೆ.

ಅವನ ತಾಯಿ ಜಾನಕಮ್ಮ ಪ್ರತಿ ಸಲವೂ ಮೊದಲ ಸಾಲಿನಲ್ಲಿ ಕೂತು ನೋಡಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀನು ಯಾವಾಗ ಬಂದೆ ಕಣ್ಣಾ? ನನಗೆ ಕಾಣಿಸ್ಲೇ ಇಲ್ಲವಲ್ಲೋ."

ಒಂದೇ ಒಂದು ಸಲ ಅಮ್ಮನಿಗೆ ಕಾಣಿಸಬೇಕು. ಅವನ ಆಸೆ ಇಷ್ಟೇ.

ಮಧ್ಯಾಹ್ನದ ಹೊತ್ತಿಗೆ, ರಾಜನ ಪಾರ್ಟಿನ ಮಹಾಲಿಂಗಪ್ಪನವರ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದಷ್ಟೇ ಹೊರಟಿತು. ಕನ್ನಡ ಸಂಘದ ಅಧ್ಯಕ್ಷ ಶಾಂತವೀರಪ್ಪನವರು ಕಮಲಾಕರನನ್ನು ಅಂದೇ ಮೊದಲು ಕಂಡವರಂತೆ ನೋಡಿದರು.

"ಏನಯ್ಯಾ, ನಿನಗೆ ಮಾತೆಲ್ಲ ಬಾಯಿಪಾಠ ಅಲ್ವಾ?"

"ಎಲ್ಲರ ಮಾತೂ ಬರುತ್ತೆ ಸಾರ್."

"ಹಾಗಾದ್ರೆ ಬಣ್ಣ ಹಚ್ಕೋ. ಸೀಕ್ರಂ, ಬೇಗ!"

ಸುದ್ದಿ ತಿಳಿದು ನೆರೆಮನೆಯ ರಮಾಬಾಯಿ ಬಣ್ಣದ ಕೋಣೆಗೇ ನುಗ್ಗಿದರು. ಮಹಾಲಿಂಗಪ್ಪನವರ ನಿಲುವಂಗಿಯೊಳಗೆ ಕಮಲಾಕರ ಮಡಿಸಿದ ಕೊಡೆಯ ಕಡ್ಡಿಯಂತಿದ್ದ.

"ರಾಜ ಅಂದ್ಮೇಲೆ ಹೊಟ್ಟೆ ಬೇಡ್ವೇನೋ?" ಎನ್ನುತ್ತ ರಮಾಬಾಯಿ ದಿಂಬು ತುರುಕಿದರು. ಕಿರೀಟ ಮೂಗಿನವರೆಗೆ ಇಳಿಯಿತು. ಒಳಗೆ ಪೇಪರ್ ತುಂಬಿದರು. ಈ ಗಡಿಬಿಡಿಯಲ್ಲಿ ಮುಕ್ಕಾಲಿ ಖಾಲಿಯಾದದ್ದು ಯಾರಿಗೂ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಪರದೆ ಎದ್ದಿತು. "ಅವನೇ! ನಮ್ಮ ಕಮಲೂನೇ!" ಎಂದು ಜಾನಕಮ್ಮ ಒಬ್ಬರೇ ಚಪ್ಪಾಳೆ ಹೊಡೆದರು.

ಸೇನಾಪತಿ ಭೋಜರಾಜ ಎರಡನೇ ಮಾತಿಗೇ ತಡವರಿಸಿದ. ಅಭ್ಯಾಸ ಎಲ್ಲಿ ಬಿಡುತ್ತದೆ? ರಾಜ ಸಿಂಹಾಸನದಿಂದ ಬಾಗಿ ಪಿಸುಗುಟ್ಟಿದ. ರಾಣಿ ನೀರಜಾಗೂ ಪಿಸುಗುಟ್ಟಿದ. ಎಲ್ಲರದೂ ಸುಸೂತ್ರ ನಡೆಯಿತು. ತನ್ನ ಸರದಿ ಬಂದಾಗ ಎದ್ದು, ಕತ್ತಿ ಎತ್ತಿ, "ಸೇನಾಪತೀ, ಈ ಸಿಂಹಾಸನ..." ಎಂದವನು ನೆರವಿಗಾಗಿ ಪರದೆಯ ಮರೆಗೆ ನೋಡಿದ. ಖಾಲಿ ಮುಕ್ಕಾಲಿ ಅವನನ್ನೇ ನೋಡಿತು. ದಿಂಬು ಮೆಲ್ಲಗೆ ಜಾರತೊಡಗಿತು.

"ಈ ಸಿಂಹಾಸನ ನನಗೆ ಬೇಡ, ನನ್ನ ಜನ ಸಾಕು! ಹೇಳು ಕಣ್ಣಾ, ಭಯ ಪಡಬೇಡ."

ಮೊದಲ ಸಾಲಿನಲ್ಲಿ ಜಾನಕಮ್ಮ ಎದ್ದು ನಿಂತಿದ್ದರು. ಮಗ ಅಡುಗೆಮನೆಯ ಹೊಸಿಲಲ್ಲಿ ಕೂತು ತಿಂಗಳುಗಟ್ಟಲೆ ಓದಿದ್ದನ್ನೆಲ್ಲ ಅಕ್ಕಿ ಆರಿಸುತ್ತ ಕೇಳಿದವರು ಅವರು. ಅಲ್ಲಿಂದ ಮುಂದೆ ರಾಜನಿಗೂ, ಸೇನಾಪತಿಗೂ, ರಾಣಿಗೂ ಅವರೇ ಹೇಳಿಕೊಟ್ಟರು. ಕೊನೆಗೆ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ರಂಗದ ಕಡೆಗಲ್ಲ, ಜಾನಕಮ್ಮನ ಕಡೆ ನೋಡಿ.

"ಇಂಥವರನ್ನ ಆರು ವರ್ಷ ಮನೇಲಿ ಮುಚ್ಚಿಟ್ಟಿದ್ದೆಯಲ್ಲಯ್ಯಾ!" ಎಂದು ಶಾಂತವೀರಪ್ಪನವರು ಕಮಲಾಕರನನ್ನೇ ಗದರಿದರು. ದೊಡ್ಡವರ ನ್ಯಾಯ ಹೀಗೇ ಇರುತ್ತದೆ.

ಮರುವರ್ಷ ರಾಜನ ಪಾರ್ಟು ಮಹಾಲಿಂಗಪ್ಪನವರಿಗೆ ಮರಳಿತು. ಮುಕ್ಕಾಲಿಯ ಮೇಲೆ ಜಾನಕಮ್ಮ. ಕಮಲಾಕರನಿಗೆ ಪರದೆಯ ಹಗ್ಗ. ಅದನ್ನು ಹಿಡಿದು, ಕೊನೆಯ ದೃಶ್ಯದಲ್ಲಿ ರಾಜನ ಮಾತಿಗೆ ತಾನೂ ತುಟಿ ಅಲ್ಲಾಡಿಸುತ್ತ ಮೈಮರೆತು ನಿಂತಿದ್ದಾಗ, ಮುಕ್ಕಾಲಿಯಿಂದ ಪಿಸುಮಾತು ಬಂತು:

"ಇಲ್ಲಿಂದ ನೀನು ಎಷ್ಟು ಚೆನ್ನಾಗಿ ಕಾಣ್ತೀಯೋ ಕಣ್ಣಾ... ಹೂಂ, ಈಗ ಹಗ್ಗ ಬಿಡು."