ಸೊಸೆಯ ಕೈಕೆಳಗೆ ಮೌಶಿಯ ಆನರ್ಸ್

ಸೊಸೆಯ ಆಫೀಸಿನಲ್ಲಿ ಟ್ರೈನಿಯಾಗಿ ದುಡಿದ ಅತ್ತೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲ ತಾನೆ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ದಿನಾ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟುಬಂದಿದ್ದೇನೆ. ಆಕೆ ನಮ್ಮ ಮೌಶಿ, ಅಂದರೆ ನಮ್ಮವ್ವನ ಅಕ್ಕ. ಧಾರವಾಡದವಳು. ಗಂಡನ ರೈಲ್ವೆ ನೌಕರಿಯ ಬೆನ್ನು ಹತ್ತಿ ವಡೋದರಾಕ್ಕೆ ಬಂದು, ಕಾಕಾ ನಿವೃತ್ತರಾದ ಮೇಲೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮಗನ ಫ್ಲ್ಯಾಟು ಸೇರಿದವಳು. ನಾನೋ, ವಿಮಾ ಕಂಪನಿಯ ವರ್ಗಾವಣೆಯಲ್ಲಿ ಅದೇ ಊರಿನ ಅಂಚಿನ ಬೋಪಾಲಿಗೆ ಬಂದು ಬಿದ್ದವನು. ಸಾವಿರ ಕಿಲೋಮೀಟರು ದೂರ ಬಂದರೂ ಮೌಶಿ ತಪ್ಪಲಿಲ್ಲ, ನೋಡಿ!

ಇಷ್ಟಕ್ಕೆಲ್ಲ ಕಾರಣ ಬಾಗಿಲಿನ ಮೇಲಿನ ಹೆಸರಿನ ಹಲಗೆ. ಸೊಸೆ ಸೂರತ್ತಿನ ಹುಡುಗಿ. ಅಲ್ಲೇ ಹತ್ತಿರದ ಬೋಡಕ್‌ದೇವ್‌ನಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಸ್ವಂತ ಆಫೀಸು ಇಟ್ಟವಳು. ಮನೆಗೆ ಚಂದದ ಹಲಗೆ ಮಾಡಿಸಿ, ತನ್ನ ಹೆಸರಿನ ಮುಂದೆ ‘ಬಿ.ಎ. ಆನರ್ಸ್’ ಎಂದು ಬರೆಸಿದ್ದಳು. ಅದರ ಕೆಳಗೇ ಮೌಶಿಯ ಹೆಸರು. ಮೌಶಿ ಅದನ್ನು ಬಹಳ ಹೊತ್ತು ನೋಡಿ ನಿಂತಳು.

"ನನ್ನ ಹೆಸರಿನ ಮುಂದ ಬರೇ ಮೊಳಿ ಅದ," ಎಂದಳು.

ನಿಜ. ಹಲಗೆ ಬಡಿದ ಮೊಳೆ ಅಲ್ಲಿಯೇ ಇತ್ತು. ಪಿಯುಸಿ ಮುಗಿಸಿ ಮದುವೆಯಾದ ನಮ್ಮ ಮೌಶಿ, ಆ ಮೊಳೆ ಚುಚ್ಚಿದ ಉರಿಗೆ, ತಲೆ ನರೆತ ಮೇಲೆ ಕಾಲೇಜು ಸೇರಿದಳು! ಸಮಾಜಶಾಸ್ತ್ರವೇ ಬೇಕೆಂದಳು. ಸಮಾಜದ ಸುದ್ದಿ ಆಕೆಗೆ ಮೊದಲಿನಿಂದಲೂ ಪ್ರಾಣ.

ಮೂರು ವರ್ಷಕ್ಕೆ ಡಿಗ್ರಿ ಸಿಗುತ್ತದೆ, ಸಾಕು ಮಾಡು ಎಂದು ನಾವೆಲ್ಲ ಕೈಮುಗಿದೆವು. ಕೇಳಿದಳೇ? ಸೊಸೆಯದು ಆನರ್ಸ್, ನನ್ನದು ಬರೀ ಬಿ.ಎ. ಆದರೆ ಸೋತ ಹಾಗೇ ಅಲ್ಲವೇ ಎಂದು ನನಗೇ ತಿರುಗಿ ಪ್ರಶ್ನೆ. ಸರಿ, ನಾಲ್ಕನೆಯ ವರ್ಷ ಶುರುವಾಯಿತು. ಈ ಆನರ್ಸಿನ ನಿಯಮಗಳೋ, ಗಂಡಿನ ಕಡೆಯ ಬೀಗರ ಬೇಡಿಕೆಗಳಿದ್ದ ಹಾಗೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಹೊರಗೆ ಬರುತ್ತದೆ.

ಮೊದಲನೆಯದು ಹಾಜರಿ. ಮೌಶಿ ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಹೋದಳು. ಕಷ್ಟವಾದದ್ದು ಉಳಿದ ಹುಡುಗರಿಗೆ. ಕ್ಲಾಸಿನವರೆಲ್ಲ ಆಕೆಯನ್ನು ‘ಮಾಸಿ’ ಎಂದು ಕರೆದು ಚಟ್ನಿಪುಡಿ ತಿಂದವರೇ. ಬಾರದ ಗೆಳೆಯನ ಪರವಾಗಿ ಯಾವನೋ ‘ಎಸ್ ಸರ್’ ಅಂದ. ಮೌಶಿ ಎದ್ದು ನಿಂತು, ಅವನು ಬಂದಿಲ್ಲ ಸರ್, ನಿನ್ನೆ ದಾಬೇಲಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆ, ಓಮಿನ ಕಷಾಯ ಹೇಳಿದ್ದೇನೆ ಎಂದು ಸವಿವರ ವರದಿ ಕೊಟ್ಟಳು. ಮರುದಿನದಿಂದ ಇಡೀ ಕ್ಲಾಸು ತುಂಬಿತು. ಪ್ರಿನ್ಸಿಪಾಲರೇ ಬಂದು ನೋಡಿ ಹೋದರಂತೆ.

ಎರಡನೆಯದು ಸಮಾಜಸೇವೆ. ಮೌಶಿ ತಮ್ಮ ಸೊಸೈಟಿಯಲ್ಲಿ ಉಚಿತವಾಗಿ ಕನ್ನಡ ಕಲಿಸುವುದಾಗಿ ಸಾರಿದಳು. ಕಲಿಯುತ್ತೇವೆ ಎಂದು ಯಾರು ಹೇಳಿದ್ದರು? ಯಾರೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಪಾಠ. ಅಲ್ಲಿನ ಹೆಂಗಸರು, ಗುಜರಾತಿ ಬೆನ್‌ಗಳು, ಸೌಜನ್ಯದವರು, ಬೇಡ ಅನ್ನಲಾರದೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ಎಲ್ಲರ ಮಂಡಿನೋವು ಕಡಿಮೆಯಾಯಿತು! ಇದಕ್ಕಿಂತ ದೊಡ್ಡ ಸೇವೆ ಬೇಕೇ? ಕಲಿತವನು ಕಾಯಿಪಲ್ಯದವನೊಬ್ಬನೇ. ಈಗ ಕೈಗಾಡಿ ನಿಲ್ಲಿಸಿ ನನ್ನನ್ನೇ "ಬೇಕೋ ಬ್ಯಾಡೋ?" ಎಂದು ಗದರಿಸುತ್ತಾನೆ.

ಮೂರನೆಯದೇ ಇಂಟರ್ನ್‌ಶಿಪ್. ಯಾವುದಾದರೂ ಆಫೀಸಿನಲ್ಲಿ ಕೆಲಸ ಕಲಿಯಬೇಕು, ಕಲಿಸಿದ ಅಧಿಕಾರಿ ಕೊನೆಗೆ ವೈವಾ ಎಂಬ ಮೌಖಿಕ ಪರೀಕ್ಷೆಗೆ ಬಂದು ಒಳ್ಳೆಯ ಮಾತು ಹೇಳಬೇಕು, ಇಲ್ಲವಾದರೆ ಆನರ್ಸ್ ಇಲ್ಲ. ಮೌಶಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಒಂದು ಕಡೆ ವಾಚ್‌ಮನ್ ಸಲಾಮು ಹೊಡೆದು, ಮಾಲೀಕರ ತಾಯಿ ಬಂದರೆಂದು ಸೀದಾ ಕ್ಯಾಬಿನ್ನಿಗೆ ಕರೆದೊಯ್ದ. ಇನ್ನೊಂದು ಕಡೆ ಚಹಾ ಕೊಟ್ಟು ಕಳಿಸಿದರು. ಮೌಶಿಯ ಮುಖ ಸಣ್ಣದಾಯಿತು. ಆಗ ಸೊಸೆಯೇ, ಮಮ್ಮಿ, ನನ್ನ ಆಫೀಸಿಗೆ ಬನ್ನಿ ಎಂದಳು. ಕಾಕಾ ಹಾಲು ತರುತ್ತೇನೆಂದು ಎದ್ದು ಹೋದರು. ಹಾಲು ಆಗಲೇ ಒಲೆಯ ಮೇಲೆ ಉಕ್ಕುತ್ತಿತ್ತು.

ಬೇರೆ ದಾರಿ ಇರಲಿಲ್ಲ. ಮೌಶಿ ಸೇರಿದಳು. ಸೇರಿದ ಮೇಲೆ ಶಿಸ್ತು ಅಂದರೆ ಶಿಸ್ತು. ಟ್ರೈನಿಯಾದವಳು ಮೇಡಂನ ಕಾರಿನಲ್ಲಿ ಹೋಗಬಾರದಂತೆ, ಅದಕ್ಕೇ ನನ್ನ ಸ್ಕೂಟರು. ಒಮ್ಮೆ ಬಂಗಲೆ ಕಟ್ಟಿಸುವ ಗಿರಾಕಿಯೊಬ್ಬಳು ವಿದೇಶಿ ಅಡುಗೆಮನೆಯ ಚಿತ್ರ ನೋಡುತ್ತಿದ್ದಾಗ ಮೌಶಿ ಬಗ್ಗಿ ನೋಡಿ, ಎಲ್ಲ ಸರಿ, ಹಪ್ಪಳದ ಡಬ್ಬಿ ಎಲ್ಲಿಡ್ತೀರಿ ಎಂದು ಕೇಳಿಬಿಟ್ಟಳು. ಸೊಸೆ ಗಾಬರಿಯಾಗಿ "ಮಮ್ಮಿ, ಪ್ಲೀಸ್" ಅಂದಳು.

"ಆಫೀಸಿನ್ಯಾಗ ಮಮ್ಮಿ ಅನಬ್ಯಾಡ್ರಿ, ಮೇಡಂ," ಎಂದಳು ಮೌಶಿ.

ಗಿರಾಕಿ ಮಾತ್ರ ಆ ಚಿತ್ರ ಹರಿದುಹಾಕಿಸಿ, ಹಪ್ಪಳಕ್ಕೊಂದು, ಗರಿಗರಿ ಖಾಕ್ರಾ ರೊಟ್ಟಿಗೊಂದು ಕಪಾಟು ಹಾಕಿಸಿದಳು. ಮನೆಗೆ ಬಂದೊಡನೆ ಪದವಿಗಳು ಅದಲುಬದಲು. ಹೊಸಿಲು ದಾಟುತ್ತಲೇ ಮೇಡಂ ಸೊಸೆಯಾಗುತ್ತಿದ್ದಳು, ಟ್ರೈನಿ ಅತ್ತೆಯಾಗಿ ಮುಖ ಗಂಟುಹಾಕುತ್ತಿದ್ದಳು. ನಾಲ್ಕು ವರ್ಷದಿಂದ ಮೌಶಿ ಆ ಹುಡುಗಿಯೊಡನೆ ಮುಖ ಕೊಟ್ಟು ಮಾತಾಡಿದ್ದನ್ನು ನಾನಂತೂ ಕಂಡಿರಲಿಲ್ಲ.

ವೈವಾದ ದಿನ ಕಾಕಾ, ನಾನು ಎಲ್ಲ ಹೆದರುತ್ತಲೇ ಕಾಲೇಜಿಗೆ ಹೋದೆವು. ಸೇಡು ತೀರಿಸಿಕೊಳ್ಳಲು ಸೊಸೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬರುವುದುಂಟೇ? ಹನ್ನೆರಡಕ್ಕೆಂದು ಕರೆದವರು ಎರಡಕ್ಕೆ ನಮ್ಮನ್ನೆಲ್ಲ ಒಳಗೆ ಬಿಟ್ಟರು. ಸೊಸೆ ಎದ್ದು, ಈ ಟ್ರೈನಿಗೆ ಹೇಳಿದ ಮಾತು ಕೇಳುವ ಅಭ್ಯಾಸವಿಲ್ಲ ಎಂದಳು. ಕಾಕಾ ಕಣ್ಣು ಮುಚ್ಚಿಕೊಂಡರು. ಆದರೆ ಈಗ ಗಿರಾಕಿಗಳು ಅವರನ್ನೇ ಕೇಳಿಕೊಂಡು ಬರುತ್ತಾರೆ, ನನಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ ಎಂದು ಹೇಳಿ ಕೂತಳು. ಕಾಕಾ ಕಣ್ಣು ಬಿಟ್ಟರು.

ಪರೀಕ್ಷಕರು ಮೌಶಿಯತ್ತ ತಿರುಗಿ, ಆ ಆಫೀಸಿನಲ್ಲಿ ನೀವು ಕಲಿತದ್ದೇನು ಎಂದು ಕೇಳಿದರು. ಹಿಂದಿಯಲ್ಲಿ ಶುರುವಾದ ಉತ್ತರ ಎರಡನೆಯ ಮಾತಿಗೇ ಕನ್ನಡಕ್ಕೆ ಹೊರಳಿತು. ನಾನು ಪಕ್ಕದಲ್ಲಿ ನಿಂತು ಹಿಂದಿಯಲ್ಲಿ ಹೇಳುತ್ತಾ ಹೋದೆ.

"ಉಂಡ್ರ ಸೂರತ್ತಿನಾಗ ಉಣಬೇಕು, ಸತ್ರ ಕಾಶ್ಯಾಗ ಸಾಯಬೇಕು ಅಂತಾರ ಇಲ್ಲಿ ಮಂದಿ. ಈಕಿ ಸೂರತ್ತಿನಾಕಿ. ದಿನಾ ಡಬ್ಬಿ ಕಟ್ಟಿ ಕೊಡ್ತಿದ್ದೆ, ಸಂಜೀಕ ತುಂಬಿದ್ದು ತುಂಬಿದಂಗ ಬರ್ತಿತ್ತು. ನನ್ನ ಕೈ ಅಡಗಿ ಸೇರೂದಿಲ್ಲ, ಸೊಕ್ಕು ಅಂತ ತಿಳದೆ. ಅಲ್ಲಿ ಕೂತಾಗ ಗೊತ್ತಾತು. ಎಲ್ಲಾರೂ ಉಣ್ಣೂ ಹೊತ್ತಿಗೆ ಈಕೀಗೆ ಫೋನು. ಬಿಸಲಾಗ ಸೈಟಿಗೆ ಓಡ್ತಾಳ. ಬಡಿಗ್ಯಾರಿಗೆ ಊಟ ಆತೇನು ಅಂತ ಕೇಳ್ತಾಳ. ಈಕೀನ್ನ ಯಾರೂ ಕೇಳೂದಿಲ್ಲ. ನಾನೂ ಕೇಳಿಲ್ಲ. ಕೇಳಬೇಕಂದ್ರ ನಾಲಿಗಿ ಏಳಲಿಲ್ಲ."

ನನ್ನ ಹಿಂದಿ ಅಲ್ಲಿಗೆ ನಿಂತಿತು. ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಪರೀಕ್ಷಕರು ಮೆಲ್ಲಗೆ, ಹಾಗಾದರೆ ಇದರಿಂದ ನಿಮ್ಮ ತೀರ್ಮಾನವೇನು ಎಂದರು.

ಮೌಶಿ ಗೋಡೆಯ ಗಡಿಯಾರ ನೋಡಿದಳು. "ಅದನ್ನ ಆಮ್ಯಾಲೆ ಹೇಳ್ತೀನ್ರಿ ಸರ್. ಎರಡೂವರಿ ಆತು. ಆಕೀದಿನ್ನೂ ಊಟ ಆಗಿಲ್ಲ."

ಅಪ್ಪಣೆಗೂ ಕಾಯದೆ ಸೊಸೆಯ ಕೈಹಿಡಿದು ಹೊರಗೆ ನಡೆದೇಬಿಟ್ಟಳು. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು, ಹೋಗಿ ಹೇಳಿ, ಆನರ್ಸ್ ಆಯಿತು ಎಂದರು. ನಾನು ಓಡಿದೆ. ವರಾಂಡದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಕೊಂಡಿತ್ತು. ಸೊಸೆ ಕಣ್ಣೊರೆಸಿಕೊಳ್ಳುತ್ತಾ ಚಪಾತಿ ತಿನ್ನುತ್ತಿದ್ದಳು. ಮೌಶಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನಾನು ಬಾಯಿ ತೆರೆದದ್ದೇ ತಡ, ಕೈಬೀಸಿ ತಡೆದಳು.

"ಸುಮ್ನಿರೋ, ಆಕಿ ಉಣ್ಣಲಿ."