ವೈಫೈ ಬಾರದ ಹನ್ನೊಂದು ದಿನಗಳು

ಸಿಟ್ಟಿನಲ್ಲಿರುವವನ ಸಾಕ್ಷ್ಯವನ್ನು ಪೂರ್ತಿ ನಂಬಬಾರದು. ಭದ್ರಾವತಿಯ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡುತ್ತಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. "ನೂರು ಸಲ ಹೊಡೆದ ಸ್ವಾಮಿ" ಎಂದವನು ಪಾಟೀಸವಾಲಿನಲ್ಲಿ ಎರಡು ಏಟಿಗೆ ಇಳಿಯುವುದನ್ನು ನಾನು ಎಷ್ಟೋ ಬಾರಿ ಟೈಪು ಮಾಡಿದ್ದೇನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನೀಗ ಸಿಟ್ಟಿನಲ್ಲಿದ್ದೇನೆ. ಯಾರ ಮೇಲೆ ಸಿಟ್ಟು ಎಂಬುದನ್ನು ಅವಸರ ಮಾಡದೆ, ಕಂಡದ್ದನ್ನು ಕಂಡ ಹಾಗೆ ಕ್ರಮವಾಗಿ ಹೇಳಬೇಕು.

ನಮ್ಮ ಮನೆ ಭದ್ರಾವತಿಯ ಕಾಗದ ಕಾರ್ಖಾನೆಯ ಬಡಾವಣೆ ಕಾಗದನಗರದಲ್ಲಿ. ಮನೆಯಲ್ಲಿ ಹತ್ತು ಇಂಚಿನ ಪರದೆಯ ಒಂದು ನೆಟ್‌ಬುಕ್ ಇದೆ. ಲ್ಯಾಪ್‌ಟಾಪು ಎನ್ನುವಷ್ಟು ದೊಡ್ಡದಲ್ಲ, ಆಟಿಕೆ ಎನ್ನಲು ತೂಕ ಜಾಸ್ತಿ. ಅದನ್ನು ಬಳಸುವವಳು ನನ್ನ ಹೆಂಡತಿ ಗಿರಿಜ. ಅವಳು ಐವತ್ತರ ಹತ್ತಿರ ಬಂದು ಕನ್ನಡ ಎಂ.ಎ.ಗೆ ಕಟ್ಟಿದ್ದಾಳೆ. ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಮನೆಮನೆಗೆ ಹೋಗಿ ಕೇಳಿ, ತಮಿಳಿನದನ್ನೂ ತೆಲುಗಿನದನ್ನೂ ಕನ್ನಡಕ್ಕೆ ಇಳಿಸಿ, ಎರಡು ವರ್ಷ ಕೂತು ಪ್ರಬಂಧ ಬರೆದಳು. ಉಳಿದದ್ದು ಮೌಖಿಕ ಪರೀಕ್ಷೆ ಮಾತ್ರ. ಸೋಮವಾರ ಹನ್ನೊಂದು ಗಂಟೆಗೆ, ವಿಡಿಯೊ ಮೂಲಕ. ಕ್ಯಾಮೆರಾ ಇರುವ ಕಂಪ್ಯೂಟರಿನ ಮುಂದೆ ಕೂರಬೇಕು, ಮೊಬೈಲು ನಡೆಯುವುದಿಲ್ಲ, ತಪ್ಪಿಸಿಕೊಂಡರೆ ಇನ್ನು ಮುಂದಿನ ವರ್ಷವೇ ಎಂದು ಸೂಚನಾಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಗಿರಿಜ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

ನೆಟ್‌ಬುಕ್ಕು ಕೆಲಸ ಮಾಡುತ್ತಿತ್ತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಆನ್ ಮಾಡಿ ಅಕ್ಕಿ ತೊಳೆದಿಟ್ಟರೆ ಅನ್ನವಾಗುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು, ಆದರೂ ತೆರೆದುಕೊಳ್ಳುತ್ತಿತ್ತು. ವೈಫೈ ಬರುತ್ತಿತ್ತು. ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಷಡ್ಡಕ, ಅಂದರೆ ಗಿರಿಜಳ ತಂಗಿಯ ಗಂಡ ರುದ್ರೇಶ, ಹಬ್ಬಕ್ಕೆ ಮುಂಚೆ ಬಂದವನು ಅದನ್ನು ನೋಡಿ ನಕ್ಕ. "ಅಣ್ಣ, ಈ ಹಳೇ ವಿಂಡೋಸ್ ಕಿತ್ತು ಬಿಸಾಕಿ, ಲಿನಕ್ಸ್ ಹಾಕಿ. ಪುಕ್ಕಟೆ. ಕುದುರೆ ಥರ ಓಡತ್ತೆ ನೋಡಿ" ಎಂದು ಒಂದು ಪೆನ್ ಡ್ರೈವ್ ಕೊಟ್ಟುಹೋದ.

ಆಯುಧಪೂಜೆಯ ದಿನ ಮಿಕ್ಸಿ, ಸ್ಕೂಟರು, ಈಳಿಗೆಮಣೆ, ಹೊಲಿಗೆ ಯಂತ್ರಗಳ ಜೊತೆ ನೆಟ್‌ಬುಕ್ಕಿಗೂ ಪೂಜೆ ಆಯಿತು. ಹೋದ ವರ್ಷ ಮುಚ್ಚಳದ ಮೇಲೆ ವಿಭೂತಿ ಹಚ್ಚಿದ್ದೆ. ಗಿರಿಜ ಅದನ್ನು ಎದೆಗವಚಿಕೊಂಡು ಎತ್ತಿಡುವಾಗ ರೇಷ್ಮೆ ಸೀರೆಗೆಲ್ಲ ಬಳಿದುಕೊಂಡು ನನಗೆ ಸಂಜೆಯವರೆಗೆ ಬೈಗುಳ. ಈ ವರ್ಷ ಜಾಗ್ರತೆ ವಹಿಸಿದೆ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮುಚ್ಚಳ ಬಿಟ್ಟು ಮುಂದಿನ ಅಂಚಿನ ಮೇಲೆ, ಮೂರು ಬೆರಳು ಹಿಡಿಸದ ಜಾಗದಲ್ಲಿ ಒತ್ತಿ ಒತ್ತಿ, ಎಡದಿಂದ ಬಲಕ್ಕೆ ಎಳೆದೆ. ಮಾರನೆಯ ದಿನ ವಿಜಯದಶಮಿ. ಒಳ್ಳೆಯ ದಿನವೆಂದು ಲಿನಕ್ಸ್ ಹಾಕಿದೆ.

ಕುದುರೆ ಎದ್ದಿತು. ಆದರೆ ಕಿವಿ ಕೇಳದ, ಕಣ್ಣು ತಿರುಚಿದ ಕುದುರೆ. ಧ್ವನಿ ಬರಲಿಲ್ಲ. ಕ್ಯಾಮೆರಾ ನನ್ನನ್ನು ತಲೆಕೆಳಗಾಗಿ ತೋರಿಸಿತು. "ಪರೀಕ್ಷಕರು ನನ್ನ ಬಾವಲಿ ಅಂದ್ಕೊಳ್ತಾರೆ" ಎಂದಳು ಗಿರಿಜ. ರುದ್ರೇಶ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಅಕ್ಷರ ಟೈಪು ಮಾಡಿದೆ. ನಾಲ್ಕು ದಿನಕ್ಕೆ ಧ್ವನಿ ಬಂತು, ಐದನೆಯ ದಿನ ನಾನು ನೆಟ್ಟಗಾದೆ. ವೈಫೈ ಮಾತ್ರ ಬರಲಿಲ್ಲ. ಫೋನನ್ನೇ ವಯರಿನಿಂದ ಜೋಡಿಸಿ ಎಂದ. ನನ್ನ ಫೋನಿನ ಚಾರ್ಜಿಂಗ್ ತೂತು ಸಡಿಲ. ವಯರನ್ನು ಮೇಲಕ್ಕೆತ್ತಿ ಹಿಡಿದರೆ ಒಂದು ನಿಮಿಷ ನೆಟ್ ಬರುತ್ತಿತ್ತು, ಕೈ ಸೋತರೆ ಹೋಗುತ್ತಿತ್ತು.

ನಾನು ಒಂದು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟೆ. ಪ್ರತಿ ಸಲ ವೈಫೈ ಒತ್ತಿದಾಗಲೂ ಪರದೆಯ ಮೂಲೆಯಲ್ಲಿ ಒಂದೇ ಸಾಲು ಬರುತ್ತಿತ್ತು: ವೈಫೈಯನ್ನು ಯಂತ್ರದ ಸ್ವಿಚ್ಚಿನಿಂದ ಆಫ್ ಮಾಡಲಾಗಿದೆ. ಆ ಸಾಲನ್ನು ವೇಳೆಯ ಸಮೇತ ನಲವತ್ತೊಂದು ಸಲ ಬರೆದಿದ್ದೇನೆ. ಗೋಡೆಯ ಸ್ವಿಚ್ಚುಗಳನ್ನೆಲ್ಲ ಹಾಕಿ ತೆಗೆದು ನೋಡಿದೆ. ರೂಟರಿನದನ್ನೂ ನೋಡಿದೆ. "ನೆಟ್‌ಬುಕ್ಕಲ್ಲೇ ಒಂದು ಸಣ್ಣ ಸ್ವಿಚ್ ಇರತ್ತೆ ಅಣ್ಣ, ಪಕ್ಕದಲ್ಲೋ ಮುಂದ್ಗಡೆನೋ. ಸರಿಯಾಗಿ ನೋಡಿ" ಎಂದ ರುದ್ರೇಶ. "ನಾಲ್ಕು ಕಡೆನೂ ನೋಡಿದೀನಿ ಮಾರಾಯ. ಪ್ರಮಾಣ ಮಾಡಿ ಹೇಳ್ತೀನಿ, ಇಲ್ಲ" ಎಂದೆ. ಕೋರ್ಟಿನಲ್ಲಿ ಕೆಲಸ ಮಾಡುವವನು ಪ್ರಮಾಣ ಎಂದ ಮೇಲೆ ಅವನು ಸ್ವಿಚ್ಚಿನ ಮಾತು ಬಿಟ್ಟ.

ಶನಿವಾರ ಖಾಸಗಿ ಬಸ್ಸು ಹತ್ತಿ ಶಿವಮೊಗ್ಗದ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ನೆಟ್‌ಬುಕ್ಕನ್ನು ಕೈಯಲ್ಲಿ ಹಿಡಿದು, "ಇದನ್ನ ಎಲ್ಲಿ ಅಗೆದು ತೆಗೆದ್ರಿ ಸಾರ್?" ಎಂದ. ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. "ಲಿನಕ್ಸಾ? ಅದು ನಾವು ಮುಟ್ಟಲ್ಲ. ಒಳಗಡೆ ಬೇಕಾದ್ರೆ ನೋಡ್ತೀನಿ" ಎಂದು ಹಿಂಭಾಗ ಬಿಚ್ಚಿದ. ಮುಂದಿನ ಅಂಚಿನ ವಿಭೂತಿಗೆ ಮಾತ್ರ ಕೈ ತಾಗದಂತೆ ಬಟ್ಟೆ ಅಡ್ಡ ಹಿಡಿದು ತಿರುಗಿಸಿದ. ಅಷ್ಟಾದರೂ ಮರ್ಯಾದೆ ಇದೆಯಲ್ಲ ಅಂದುಕೊಂಡೆ. ಒಂದು ಸ್ಕ್ರೂ ಉರುಳಿ ಕೆಳಗೆ ಬಿತ್ತು. ಬಗ್ಗಿ ಹೆಕ್ಕಿದವನು ನಾನೇ. ಅವನು ಒಳಗೆ ಬಾಯಿಂದ ಎರಡು ಸಲ ಊದಿ, "ಕಾರ್ಡ್ ಸತ್ತೋಗಿದೆ, ಇದಕ್ಕೆಲ್ಲ ಈಗ ಸಿಗಲ್ಲ" ಎಂದು ಮುಚ್ಚಿ ಕೊಟ್ಟ. ಒಂಬತ್ತು ಸ್ಕ್ರೂ ಬಿಚ್ಚಿದವನು ಎಂಟು ಹಾಕಿದ. ನಾನು ಬಸ್ಸಿನಲ್ಲಿ ಕೂತು ಎಣಿಸಿದೆ. ಕಳ್ಳ! ಇಂಥವರನ್ನು ಕಟಕಟೆಯಲ್ಲಿ ನಿಲ್ಲಿಸಬೇಕು ಎಂದು ಭದ್ರಾವತಿ ಬರುವವರೆಗೂ ಹಲ್ಲು ಕಡಿದೆ.

ಭಾನುವಾರ ರುದ್ರೇಶ ಫೋನು ಮಾಡಿ, "ಅತ್ತಿಗೇನ ಇಲ್ಲಿಗೆ ಕಳಿಸಿ ಅಣ್ಣ, ನಮ್ಮನೇಲಿ ಕೂತು ಪರೀಕ್ಷೆ ಮುಗಿಸ್ಲಿ" ಎಂದ. ಹನ್ನೊಂದು ದಿನದ ಸಿಟ್ಟು ಒಟ್ಟಿಗೆ ಬಾಯಿಗೆ ಬಂತು. "ನೆಟ್ಟಗಿದ್ದ ಮಷೀನು ಹಾಳು ಮಾಡಿದ್ದೂ ಅಲ್ದೆ ಈಗ ಉಪಕಾರ ಬೇರೆನಾ? ನಿನ್ನ ಲಿನಕ್ಸೂ ಬೇಡ, ನಿನ್ನ ಮನೆಯೂ ಬೇಡ!" ಎಂದು ಕೂಗಿ ಫೋನು ಇಟ್ಟೆ. ಗಿರಿಜ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಫ್ರಿಜ್ಜಿನ ಮೇಲಿದ್ದ ಸೂಚನಾಪತ್ರವನ್ನು ಕಿತ್ತು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಪರೀಕ್ಷೆ ಅವಳದು, ಬೇಡ ಎಂದವನು ನಾನು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳು ಸೀರೆ ಉಟ್ಟು ಸಿದ್ಧಳಾಗಿದ್ದಳು. "ನಾನು ಗೋಪಾಳಕ್ಕೆ ಹೋಗ್ತೀನಿ. ನೀವು ನಿಮ್ಮ ನೋಟುಬುಕ್ ಜೊತೆ ಇರಿ" ಎಂದಳು. ಹೊರಡುವ ಮೊದಲು, ರಾತ್ರಿ ನಾನು ಆಫ್ ಮಾಡದೆ ಮುಚ್ಚಿಟ್ಟಿದ್ದ ನೆಟ್‌ಬುಕ್ಕನ್ನು ಕಪಾಟಿಗೆ ಸೇರಿಸಲು ಎತ್ತಿಕೊಂಡಳು. ಹೋದ ವರ್ಷದ ಸೀರೆ ನೆನಪಾಗಿರಬೇಕು. ಒದ್ದೆ ಬಟ್ಟೆ ತಂದು ಮುಂದಿನ ಅಂಚನ್ನು ಒರೆಸಿದಳು. ಸಿಮೆಂಟಿನ ಹಾಗೆ ಗಟ್ಟಿಯಾಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದಳು. ಟಕ್ ಎಂದಿತು. ಅಕ್ಕಿಕಾಳಿನಷ್ಟು ದೊಡ್ಡ ಒಂದು ಸ್ವಿಚ್ಚು ಬಲದಿಂದ ಎಡಕ್ಕೆ ಸರಿಯಿತು. ಪಕ್ಕದಲ್ಲಿ ನೀಲಿ ದೀಪ ಹತ್ತಿತು. ಮುಚ್ಚಳ ತೆರೆದರೆ ಪರದೆಯ ಮೂಲೆಯಲ್ಲಿ ವೈಫೈ ಕೊಡೆಯ ಹಾಗೆ ಬಿಚ್ಚಿಕೊಂಡಿತ್ತು.

ಎಡದಿಂದ ಬಲಕ್ಕೆ ಎಳೆದ ನನ್ನ ಮೂರು ಬೆರಳು ನನಗೆ ನೆನಪಾದವು.

"ಬಂತಲ್ಲ ಗಿರಿಜಾ! ಇನ್ನು ಇಲ್ಲೇ ಕೂತ್ಕೋ" ಎಂದೆ.

"ಲಿನಕ್ಸ್ ನಂಬ್ತೀನಿ ರೀ. ನಿಮ್ಮನ್ನ ನಂಬಲ್ಲ" ಎಂದು ನೆಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಗೋಪಾಳದಲ್ಲಿ ಅದೇ ನೆಟ್‌ಬುಕ್ಕಿನ ಮುಂದೆ ಕೂತು ಪರೀಕ್ಷೆ ಮುಗಿಸಿದಳು. ನಡುವೆ ಒಂದು ಸಲವೂ ನೆಟ್ ನಿಲ್ಲಲಿಲ್ಲವಂತೆ. ಪರೀಕ್ಷಕರು ಒಂದು ಕಥೆಯನ್ನು ಪೂರ್ತಿ ಹೇಳಿಸಿಕೊಂಡು ಕೇಳಿದರಂತೆ.

ಸಂಜೆ ಬಂದವಳು ನನ್ನ ನೋಟುಬುಕ್ಕಿನ ಕೊನೆಯ ಹಾಳೆ ತೆರೆದು ಪೆನ್ನಿಟ್ಟಳು. ಫೋನಿನ ಸ್ಪೀಕರಿನಲ್ಲಿ ರುದ್ರೇಶ ಕಾಯುತ್ತಿದ್ದ. "ಬರೀರಿ. ಹಬ್ಬದ ದಿನ ವೈಫೈ ಆಫ್ ಮಾಡಿದವನು ನಾನೇ" ಎಂದಳು. ಬರೆದೆ. "ಸುಳ್ಳು ಪ್ರಮಾಣ ಮಾಡಿದ್ದೂ ಬರೀರಿ ಅಣ್ಣ" ಎಂದ ಅವನು. ಅದನ್ನೂ ಬರೆದೆ. ಆದರೂ ನನ್ನಲ್ಲಿ ನ್ಯಾಯವಾದ ಸಿಟ್ಟು ಇನ್ನೊಂದು ಉಳಿದಿತ್ತು. "ಆ ಅಂಗಡಿಯವನು ಸ್ಕ್ರೂ ಕದ್ದದ್ದು ಮಾತ್ರ ನಿಜ ತಾನೆ?" ಎಂದೆ.

ಗಿರಿಜ ಎದ್ದು ಹೋಗಿ, ಒಗೆಯಲು ನೆನೆಹಾಕಬೇಕಿದ್ದ ನನ್ನ ಶನಿವಾರದ ಅಂಗಿಯನ್ನು ತಂದು ಅದರ ಜೇಬನ್ನು ಮೇಜಿನ ಮೇಲೆ ಕೊಡವಿದಳು. ಬಸ್ಸಿನ ಟಿಕೇಟಿನ ಜೊತೆ ಒಂಬತ್ತನೆಯದು ಉರುಳಿಬಂತು.

ಅದನ್ನೂ ಬರೆದೆ. ಕೆಳಗೆ, ಇಪ್ಪತ್ತಾರು ವರ್ಷ ಬೇರೆಯವರ ಹೇಳಿಕೆಗಳಿಗೆ ಹಾಕಿದ ಅದೇ ಸಾಲನ್ನು ಹಾಕಿ ಸಹಿ ಮಾಡಿದೆ: ಓದಿ ಹೇಳಲಾಯಿತು, ಸರಿಯಿದೆ.