ಮಾವನ ಟೇಪು, ಅಮ್ಮನ ಮಣೆ

ನಮ್ಮ ಸೋದರಮಾವ ಇಷ್ಟು ವರ್ಷ ಯಾರ ಕೈಯಲ್ಲೂ ಪೆಟ್ಟು ತಿನ್ನದೆ ಬದುಕಿದ್ದಾರೆ ಅಂದರೆ ನಮ್ಮ ಕಡೆಯ ಜನ ಎಷ್ಟು ಸಾಧುಗಳು ಅಂತ ನೀವೇ ಲೆಕ್ಕ ಹಾಕಿ. ಮನೆ ಪ್ಲಾನ್ ಬರೆಯುವವರು ಬೇರೆಲ್ಲ ಕಡೆ ಮೊದಲು ಸೈಟು ಅಳೆಯುತ್ತಾರೆ. ನಮ್ಮ ಮಾವ ಮೊದಲು ಮನೆಯಾಕೆಯ ಮೊಣಕೈ ಅಳೆಯುತ್ತಿದ್ದರು. ಪರಿಚಯವಾಗಿ ಐದು ನಿಮಿಷ ಆಗಿರುತ್ತಿರಲಿಲ್ಲ, ಕಾಫಿ ಲೋಟ ಕೆಳಗಿಟ್ಟವರೇ ಜೇಬಿನಿಂದ ಸ್ಟೀಲ್ ಟೇಪನ್ನು ಸರ್ರನೆ ಎಳೆದು, "ಅಮ್ಮ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಕೈ ಮಡಚಿ" ಅನ್ನುತ್ತಿದ್ದರು. ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಯಜಮಾನರು ಪೇಪರು ಮಡಚಿಟ್ಟು ಎದ್ದೇ ನಿಂತರಂತೆ.

"ಎಂತ ಮಾಡ್ತಿದೀರಿ ನೀವು?"

"ನಿಮ್ಮ ಅಡಿಗೆಕಟ್ಟೆ ಅಳೀತಿದೀನಿ ಸರ್."

"ಕಟ್ಟೆ ಇನ್ನೂ ಕಟ್ಟೇ ಇಲ್ವಲ್ಲ ಮಾರಾಯ್ರೆ."

"ಅದಕ್ಕೇ ಇವ್ರನ್ನ ಅಳೀತಿರೋದು."

ಆ ಯಜಮಾನರು ಪೂರ್ತಿ ಒಂದು ನಿಮಿಷ ಯೋಚನೆ ಮಾಡಿ, ಕೊನೆಗೆ ಹೆಂಡತಿಗೆ "ನಿಂತ್ಕೊಳೆ, ನೆಟ್ಟಗೆ" ಅಂದರಂತೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಡಿಪ್ಲೊಮಾ ಮುಗಿಸಿ ಕಳಸದ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದೆ. "ಆಫೀಸಿಗೆ ಕಂಪ್ಯೂಟರ್ ತಂದಿದೀನಿ, ಓಡಿಸೋರು ಬೇಕು" ಎಂದು ಮಾವ ಚಿಕ್ಕಮಗಳೂರಿಗೆ ಕರೆಸಿಕೊಂಡರು. ಅವರದು ಪಂಪ್‌ಸೆಟ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಕಂಪ್ಯೂಟರ್ ಅನ್ನುವುದು ನೆಪ, ನಿಜಕ್ಕೂ ನನ್ನನ್ನು ಕರೆಸಿದ್ದು ಟೇಪು ಹಿಡಿಯುವುದಕ್ಕೆ ಎಂದು ಗೊತ್ತಾಗಲು ಒಂದು ವಾರ ಬೇಕಾಯಿತು. ಹೆಂಗಸರ ಮೊಣಕೈಯನ್ನು ಹೆಣ್ಣುಮಗಳೇ ಅಳೆದರೆ ಯಜಮಾನರುಗಳು ಪೇಪರು ಓದುವುದನ್ನು ನಿಲ್ಲಿಸುವುದಿಲ್ಲ, ಅಷ್ಟೆ.

ಮಾವನ ಈ ಹುಚ್ಚಿಗೆ ಕಾರಣ ಊರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೆ ಗೊತ್ತಿತ್ತು. ಕಾರಣ ನಮ್ಮ ಅಮ್ಮ.

ಅಪ್ಪ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು. ಕ್ವಾರ್ಟರ್ಸಿನಲ್ಲಿ ಅಮ್ಮ ನೆಲದ ಮೇಲೆ ಕೂತು ಒಲೆ ಊದುತ್ತಿದ್ದಳು. ಕಳಸದಲ್ಲಿ ಸ್ವಂತ ಮನೆ ಕಟ್ಟುವಾಗ, ಆಗಷ್ಟೇ ಓದು ಮುಗಿಸಿದ್ದ ಮಾವನೇ ಪ್ಲಾನ್ ಬರೆದರು. ಅವರು ಬರೆದ ಮೊಟ್ಟಮೊದಲ ಮನೆ ಅದು. ನಿಂತು ಅಡಿಗೆ ಮಾಡುವ ಕಟ್ಟೆ ನಮ್ಮ ಬೀದಿಗೇ ಹೊಸದು. ಕಟ್ಟೆ ಎಷ್ಟು ಎತ್ತರ ಇರಬೇಕು? ಮಾವ ಯಾರದೋ ಹತ್ತಿರ ಎರವಲು ತಂದ ಫಾರಿನ್ ಪುಸ್ತಕ ನೋಡಿದರು. ಮೂವತ್ತಾರು ಇಂಚು ಅಂತ ಇತ್ತು. ಹಾಗೇ ಬರೆದರು, ಹಾಗೇ ಕಟ್ಟಿದರು, ಮೇಲೆ ಕಡಪ ಕಲ್ಲು ಹಾಸಿದರು. ಆ ಪುಸ್ತಕ ಬರೆದವನ ಹೆಂಡತಿ ಎಷ್ಟು ಎತ್ತರವಿದ್ದಳೋ ನನಗೆ ಗೊತ್ತಿಲ್ಲ. ನಮ್ಮಮ್ಮ ನಾಲ್ಕು ಅಡಿ ಹತ್ತು ಇಂಚು.

ಅದರ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ಪಾತ್ರೆ. ಸಾರು ಕುದಿಯುತ್ತಿದೆಯೋ ಇಲ್ಲವೋ ಅಮ್ಮನಿಗೆ ವಾಸನೆಯಲ್ಲೇ ಗೊತ್ತಾಗಬೇಕು, ಕಣ್ಣಿಗೆ ಕಾಣುತ್ತಿರಲಿಲ್ಲ. ಗೃಹಪ್ರವೇಶವಾದ ಮೂರನೆಯ ದಿನವೇ ಅಮ್ಮ ಊಟದ ಮಣೆಯೊಂದನ್ನು ತಂದು ಕಟ್ಟೆಯ ಮುಂದೆ ಹಾಕಿಕೊಂಡು ಅದರ ಮೇಲೆ ನಿಂತಳು. ಹಾಗೆ ನಿಂತವಳು ಹದಿನೇಳು ವರ್ಷ ಇಳಿಯಲಿಲ್ಲ.

ಆದರೆ ಮಾವ ಬರುತ್ತಾರೆ ಅಂದರೆ ಸಾಕು, ಮಣೆ ಅಕ್ಕಿ ಡಬ್ಬದ ಹಿಂದೆ ಹೋಗಿ ಅಡಗುತ್ತಿತ್ತು! ಮಾವ ಇರುವಷ್ಟು ಹೊತ್ತೂ ಅಮ್ಮ ತುದಿಗಾಲಲ್ಲೇ ನಿಂತು ದೋಸೆ ಹೊಯ್ಯುವಳು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಮಾವ ಅದನ್ನು ನೋಡಿಯೂ ನೋಡದವರಂತೆ ದೋಸೆ ತಿನ್ನುವರು. ಬಂದ ನೆಂಟರಿಗೆಲ್ಲ ಅಮ್ಮ ಕಟ್ಟೆ ಸವರಿ, "ನನ್ನ ತಮ್ಮ ಬರ್ದಿದ್ದು. ಎಷ್ಟು ಅನುಕೂಲ ನೋಡಿ" ಎಂದು ತೋರಿಸುವಳು. ಒಡೆದು ತಗ್ಗಿಸೋಣ ಎಂದು ಅಪ್ಪ ಒಮ್ಮೆ ಬಾಯಿ ತೆರೆದದ್ದಕ್ಕೆ ಎರಡು ದಿನ ಅವರಿಗೆ ಉಪ್ಪಿಲ್ಲದ ಸಾರು. ಅಕ್ಕ ತಮ್ಮ ಇಬ್ಬರಿಗೂ ಎಲ್ಲವೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ಅಮ್ಮನನ್ನು ಆ ಮಣೆಯಿಂದ ಇಳಿಸುವುದು ಹೇಗೆ ಅನ್ನುವುದೇ ನನ್ನ ಚಿಂತೆಯಾಗಿತ್ತು.

ಈಗ ಕಂಪ್ಯೂಟರಿಗೆ, ಅಂದರೆ ಪ್ಲಾನ್ ಬರೆಯುವ ಅದರ ಸಾಫ್ಟ್‌ವೇರಿಗೆ ಬರೋಣ. ಸಾಫ್ಟ್‌ವೇರ್ ಹಾಕಿದ ದಿನ ನಾನು ಸಂಭ್ರಮದಿಂದ ಒಂದು ಅಡಿಗೆಕಟ್ಟೆ ಎಳೆದು ತೋರಿಸಿದೆ. ನಾವು ಏನೂ ಹೇಳದಿದ್ದರೆ ಅದು ತಾನಾಗಿಯೇ ಒಂದು ಅಳತೆ ಹಿಡಿಯುತ್ತದೆ. ಅದಕ್ಕೆ ಡೀಫಾಲ್ಟ್ ಅನ್ನುತ್ತಾರೆ. ಮಾವ ಕನ್ನಡಕ ಏರಿಸಿ ನೋಡಿದರು. ಮೂವತ್ತಾರು ಇಂಚು.

"ಇಲ್ಲಿಗೂ ಬಂದ್ಯಾ ಮಾರಾಯ" ಎಂದು ಆ ಅಂಕಿಯನ್ನೇ ಮಾತಾಡಿಸಿದರು.

ಆವತ್ತೇ ನನಗೆ ಮೊದಲ ಪಾಠವಾಯಿತು. ಸಾಫ್ಟ್‌ವೇರ್ ತೆರೆದ ಕೂಡಲೇ ಗೆರೆ ಎಳೆಯಬಾರದು, ಅದರ ಡೀಫಾಲ್ಟ್ ಅಳತೆಗಳನ್ನೆಲ್ಲ ಹುಡುಕಿ ಹುಡುಕಿ ಬದಲಾಯಿಸಬೇಕು. ಬಾಗಿಲು, ಕಿಟಕಿ, ಕಪಾಟು, ಮೆಟ್ಟಿಲು, ಎಲ್ಲ. "ಈ ಡೀಫಾಲ್ಟು ನಮ್ಮೂರವನಲ್ಲ. ಅವ್ನಿಗೆ ನಮ್ಮ ಮನೆ ವಿಷಯ ಎಂತ ಗೊತ್ತು?" ಎಂದು ಮಾವ ಅದನ್ನು ಬೇಡದ ನೆಂಟನ ಥರ ಬೈಯುತ್ತಿದ್ದರು. ಇಪ್ಪತ್ತು ವರ್ಷ ಕಳೆದರೂ ನಾನು ಹೊಸ ಹುಡುಗಿಯರಿಗೆ ಹೇಳಿಕೊಡುವ ಮೊದಲ ಮಾತು ಇದೇ, ಬೈಗುಳವನ್ನು ಮಾತ್ರ ಬಿಟ್ಟು.

ಎರಡನೆಯದು ಅದರೊಳಗಿನ ಸಾಮಾನಿನ ಗೊಡವೆ. ಅದರಲ್ಲಿ ಈಜುಕೊಳ ಇತ್ತು, ನಾಯಿಗೂಡು ಮೂರು ಬಗೆಯದಿತ್ತು, ಪಿಯಾನೊ ಇತ್ತು. ಬಚ್ಚಲ ಹಂಡೆ ಇರಲಿಲ್ಲ. ರುಬ್ಬುವ ಕಲ್ಲು ಇರಲಿಲ್ಲ. ಒದ್ದೆ ಗಂಬೂಟು ಬಿಡುವ ಜಾಗ ಇರಲಿಲ್ಲ. ಆತುರದಲ್ಲಿ ನಾನು ಬಚ್ಚಲೊಲೆಗೆ ಬದಲಾಗಿ ಇಂಗ್ಲಿಷರು ಚಳಿ ಕಾಯಿಸುವ ಗೋಡೆಯೊಲೆಯನ್ನು ಇಟ್ಟು ಒಂದು ಪ್ಲಾನ್ ಕಳಿಸಿಬಿಟ್ಟೆ. ಮೂಡಿಗೆರೆಯ ಮೇಸ್ತ್ರಿ ಶ್ರದ್ಧೆಯ ಮನುಷ್ಯ. ಬರೆದದ್ದನ್ನು ಬರೆದ ಹಾಗೆ ಕಟ್ಟಿದ. ಬಚ್ಚಲಲ್ಲಿ ಅಮೃತಶಿಲೆಯ ಕಮಾನಿಟ್ಟ ಒಲೆ, ಮೇಲೆ ಹೂದಾನಿ ಇಡುವ ಕಟ್ಟೆ! ಮನೆಯ ಅಜ್ಜಿ ಆ ಕಟ್ಟೆಯ ಮೇಲೆ ಸೀಗೆಪುಡಿ ಡಬ್ಬ ಇಟ್ಟುಕೊಂಡು, "ತುಂಬ ಚಂದ ಆಗಿದೆ ಪುಟ್ಟಿ, ನೀರು ಕಾಯಿಸೋದೆಲ್ಲಿ?" ಎಂದು ಕೇಳಿದರು. ಆಮೇಲೆ ನಾವೇ ಕೂತು ಹಂಡೆ, ಒರಳು, ಸೌದೆ ರಾಶಿ, ಕಂಬಳಿ ನೇತುಹಾಕುವ ಗೂಟ, ಎಲ್ಲವನ್ನೂ ಒಂದೊಂದಾಗಿ ಬರೆದು ನಮ್ಮದೇ ಸಾಮಾನಿನ ಪೆಟ್ಟಿಗೆ ಮಾಡಿಟ್ಟುಕೊಂಡೆವು.

ಸಾಫ್ಟ್‌ವೇರಿನಲ್ಲಿ ಒಬ್ಬ ಮನುಷ್ಯನೂ ಇದ್ದ. ಆರಡಿ ಎತ್ತರ, ಸೂಟು, ಕೈಯಲ್ಲಿ ಪೆಟ್ಟಿಗೆ. ಕೋಣೆ ಎಷ್ಟು ದೊಡ್ಡದು ಎಂದು ತಿಳಿಯಲು ಅವನನ್ನು ತಂದು ನಿಲ್ಲಿಸಬೇಕು. ಮಾವ ಅವನನ್ನು ನೋಡಿ, "ಇವ ಅಡಿಗೆಮನೇಲಿ ಎಂತ ಮಾಡ್ತಾನೆ? ಸಾಲ ವಸೂಲಿಗೆ ಬಂದೋನ ಥರ ಇದಾನೆ" ಎಂದು ಹೊರಗೆ ಹಾಕಿದರು. ಹನ್ನೊಂದು ದಿನ ಮೌಸು ಹಿಡಿದು ಒದ್ದಾಡಿ, ಸೀರೆ ಉಟ್ಟು ತುರುಬು ಕಟ್ಟಿದ ಒಂದು ಕುಳ್ಳು ಗೊಂಬೆ ಬರೆದರು. ನನಗೆ ಮುಟ್ಟಲೂ ಬಿಡಲಿಲ್ಲ. ಪ್ರತಿ ಮನೆಗೂ ಮೊದಲು ಆ ಗೊಂಬೆಯನ್ನು ಖಾಲಿ ಪರದೆಯ ಮೇಲೆ ನಿಲ್ಲಿಸುವುದು, ಆಮೇಲೆ ಆ ಮನೆಯಾಕೆಯ ಅಳತೆಗೆ ಅದನ್ನು ಎಳೆದು ಉದ್ದ ಮಾಡುವುದು, ಆಮೇಲೆ ಸುತ್ತ ಗೋಡೆ. ನಮ್ಮ ಆಫೀಸಿನಲ್ಲಿ ಮನೆಗಿಂತ ಮೊದಲು ಮನೆಯಾಕೆಯೇ ತಯಾರಾಗುತ್ತಿದ್ದಳು.

ಮೂಡಿಗೆರೆಯ ಒಬ್ಬ ಪ್ಲಾಂಟರು ಬೆಂಗಳೂರಿನಲ್ಲಿ ಯಾವುದೋ ಮನೆ ನೋಡಿ ಬಂದು ನಲವತ್ತೆರಡು ಇಂಚಿನ ಗ್ರಾನೈಟ್ ಕಟ್ಟೆಯೇ ಬೇಕೆಂದು ಹಟ ಹಿಡಿದರು. ಮಾವ ವಾದ ಮಾಡಲಿಲ್ಲ. ಮನೆಯೊಳಗೆ ನಡೆದಾಡಿದ ಹಾಗೆ ತೋರಿಸುವ ಕ್ಯಾಮೆರಾ ಒಂದು ಸಾಫ್ಟ್‌ವೇರಿನಲ್ಲಿ ಇದೆಯಲ್ಲ, ಅದರ ಕಣ್ಣಿನ ಎತ್ತರವನ್ನು ಪ್ಲಾಂಟರ ಬೆನ್ನು ಬಾಗಿದ ತಾಯಿಯ ಕಣ್ಣಿಗೆ ಇಳಿಸಿ, "ನಡೀರಿ ಸರ್, ಅಡಿಗೆಮನೆಗೆ ಹೋಗೋಣ" ಎಂದರು. ಪರದೆಯ ತುಂಬ ಗ್ರಾನೈಟಿನ ಅಂಚು. ಅದರಾಚೆ ಕಾವಲಿಯೂ ಇಲ್ಲ, ಒಲೆಯೂ ಇಲ್ಲ.

"ಎಂತ ಇದು, ಗೋಡೆ ಬಂತಲ್ಲ?"

"ಗೋಡೆ ಅಲ್ಲ ಸರ್, ನಿಮ್ಮ ಕಟ್ಟೆ. ನಿಮ್ಮ ತಾಯಿಗೆ ಹೀಗೆ ಕಾಣ್ತದೆ."

ಪ್ಲಾಂಟರು ಪರದೆಯ ಮೇಲೆ ಬೆರಳಿಟ್ಟು ಒಲೆ ಹುಡುಕಿದರು. ಮೂವತ್ತೊಂದು ಇಂಚಿಗೆ ಒಪ್ಪಿ, ಹೋಗುವಾಗ ಪರದೆಯಲ್ಲಿ ಪೋರ್ಟಿಕೋದಲ್ಲಿ ನಿಂತಿದ್ದ ಕೆಂಪು ಕಾರು ಪ್ಲಾನ್ ಜೊತೆಗೇ ಬರುತ್ತದೆಯೇ ಎಂದು ವಿಚಾರಿಸಿದರು. ಮೊದಲ ದಿನವೇ ಬಣ್ಣದ ಚಿತ್ರ ತೋರಿಸಬಾರದು ಎಂದು ಮಾವ ನಿಯಮ ಮಾಡಿದ್ದು ಆ ಕಾರಿನ ದೆಸೆಯಿಂದ.

ಹೀಗೆ ಜಿಲ್ಲೆಯ ಕಟ್ಟೆಗಳೆಲ್ಲ ಸರಿಯಾಗುತ್ತ ಬಂದವು. ಕಳಸದ ಒಂದು ಕಟ್ಟೆ ಮಾತ್ರ ಹಾಗೇ ಇತ್ತು. ನಾನು ಮಾತು ತೆಗೆದರೆ ಮಾವ, "ಪ್ರಿಂಟರಿಗೆ ಪೇಪರ್ ಹಾಕು" ಅನ್ನುವರು. ಪೇಪರ್ ಇದೆ ಅಂದರೆ, "ಇನ್ನೊಂಚೂರು ಹಾಕು."

ಒಂದು ಮಧ್ಯಾಹ್ನ ಅಪ್ಪನ ಫೋನು ಬಂತು. ಅಮ್ಮ ಮಣೆಯಿಂದ ಜಾರಿ ಬಿದ್ದಿದ್ದಳು. ಕಾಲು ಉಳುಕಿತ್ತು. ಕುದಿಯುವ ಎಸರಿನ ಪಾತ್ರೆ ಪಕ್ಕದಲ್ಲೇ ಬಿದ್ದಿತ್ತಂತೆ. ಒಂದು ಗೇಣು ಈಚೆ ಬಿದ್ದಿದ್ದರೆ ಎಸರು ಅವಳ ಮೈಮೇಲೇ. ಮಾವನಿಗೆ ಹೇಳಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ನನಗೆ ಸಿಟ್ಟು ಬಂದಿತ್ತು. ಇವರು ಬರೆಯದಿದ್ದರೆ ನಾನೇ ಬರೆಯುತ್ತೇನೆ ಎಂದು ಕಂಪ್ಯೂಟರ್ ಮುಂದೆ ಕೂತೆ. ಪದ್ಧತಿಯ ಪ್ರಕಾರ ಮೊದಲು ಗೊಂಬೆ. ಯಾವತ್ತೂ ಮೌಸಿನಲ್ಲೇ ಎಳೆಯುತ್ತಿದ್ದವಳು, ಅಮ್ಮನ ಎತ್ತರಕ್ಕೆ ಸರಿಯಾಗಿ ಎಳೆಯೋಣ ಎಂದು ಮೊದಲ ಸಲ ಗೊಂಬೆಯ ವಿವರದ ಪಟ್ಟಿ ತೆರೆದೆ. ಎತ್ತರ ನಾಲ್ಕು ಅಡಿ ಹತ್ತು ಇಂಚು. ನೆಲದಿಂದ ಮೊಣಕೈಗೆ ಮೂವತ್ತಾರು ಇಂಚು, ಮಾವನ ಲೆಕ್ಕದಂತೆ ಕಟ್ಟೆ ಅದಕ್ಕಿಂತ ನಾಲ್ಕು ಇಂಚು ಕೆಳಗೆ, ಮೂವತ್ತೆರಡು. ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ. ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಅಕ್ಕ' ಎಂದು ಹೊಡೆದಿತ್ತು.

ಅಷ್ಟು ದಿನ ನಾನು ಬಣಕಲ್ಲಿಗೂ ಮೂಡಿಗೆರೆಗೂ ಬರೆದ ಪ್ರತಿ ಮನೆಯೂ ನಮ್ಮಮ್ಮನನ್ನು ನಿಲ್ಲಿಸಿಯೇ ಶುರುವಾಗಿತ್ತು. ಆ ಸಾಫ್ಟ್‌ವೇರಿಗೆ ಅದರದೇ ಡೀಫಾಲ್ಟ್ ಇದ್ದ ಹಾಗೆ, ಮಾವನ ಡೀಫಾಲ್ಟ್ ಅಮ್ಮನಾಗಿದ್ದಳು.

"ಅಮ್ಮನ್ನ ಯಾವಾಗ ಅಳದ್ರಿ ಮಾವ?"

"ಅವಳನ್ನ ಅಳೀಲಿಲ್ಲ" ಎಂದರು ಕಿಟಕಿಯಿಂದ ತಿರುಗದೆ. "ಒಂದ್ಸಲ ಅವಳು ಕರಿಬೇವು ತರೋಕೆ ಹಿತ್ತಲಿಗೆ ಹೋದಾಗ ಮಣೆ ಅಳದೆ. ನಾಲ್ಕಿಂಚು. ಕಟ್ಟೆಯ ಮೂವತ್ತಾರರಲ್ಲಿ ಅದನ್ನ ಕಳೆದೆ. ಉಳಿದದ್ದು ಲೆಕ್ಕ."

ಮರುದಿನ ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ಕಳಸಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಮಾವ ನೀರುದೋಸೆಗೆ ಇಳಿಯಲಿಲ್ಲ. ಅದು ನಾನು ಕಂಡಂತೆ ಮೊದಲ ಸಲ.

ಗೇಟಿನ ಸದ್ದು ಕೇಳುತ್ತಲೇ ಅಡಿಗೆಮನೆಯಲ್ಲಿ ದಡಬಡ ಕೇಳಿಸಿತು. ಅಮ್ಮ ಪಟ್ಟಿ ಸುತ್ತಿದ ಕಾಲಲ್ಲಿ ಕುಂಟಿಕೊಂಡು ಮಣೆ ಅಡಗಿಸುತ್ತಿದ್ದಳು. ಮಾವ ಚಪ್ಪಲಿ ಬಿಟ್ಟವರೇ ನೇರ ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಮಣೆ ಎಳೆದು ನೆಲದ ನಡುವೆ ಇಟ್ಟರು.

"ಅಕ್ಕ, ನಾನು ಕಟ್ಟೆ ತಪ್ಪು ಬರ್ದಿದ್ದೆ. ನಾಲ್ಕಿಂಚು ಎತ್ತರ ಆಗಿದೆ."

"ಗೊತ್ತು ಮಾರಾಯ" ಎಂದಳು ಅಮ್ಮ. "ಮೂರನೇ ದಿನಾನೇ ಗೊತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

ಅಮ್ಮ ಸೆರಗಿನಲ್ಲಿ ಕಟ್ಟೆಯ ಅಂಚು ಒರೆಸಿದಳು. "ಆಗ ನಿಂಗೆ ಕೆಲ್ಸ ಇರ್ಲಿಲ್ಲ. ಅಕ್ಕನೇ ಸರಿ ಇಲ್ಲ ಅಂದ್ರೆ ಇನ್ಯಾರು ನಿನ್ನತ್ರ ಮನೆ ಬರೆಸ್ತಿದ್ರು?"

ನಿಜವೇ. ಮಾವನಿಗೆ ಮೊದಲು ಸಿಕ್ಕ ನಾಲ್ಕೈದು ಮನೆಗಳೂ ಈ ಕಟ್ಟೆ ನೋಡಿಹೋದವರದ್ದು. ಮಾವ ಜೇಬಿನಿಂದ ಟೇಪು ತೆಗೆದು, ಈ ಸಲ ತಾವು ಎಳೆಯದೆ ನನಗೆ ಕೊಟ್ಟರು.

"ನೆಟ್ಟಗೆ ನಿಂತ್ಕೊ ಅಕ್ಕ. ಕೈ ಮಡಚು."

ಅಮ್ಮ ನೆಲದ ಮೇಲೆ ನಿಂತಳು. ನಾನು ಅಳೆದೆ. ಮೂವತ್ತಾರು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹದಿನೈದು ದಿನ ಬಿಟ್ಟು, ಕಟ್ಟೆ ತಗ್ಗಿಸಿ ಸಿಮೆಂಟು ಒಣಗಿದ ಮೇಲೆ ಮತ್ತೆ ಹೋದೆವು. ಅಮ್ಮ ರೂಢಿಯ ಮೇಲೆ ಮಣೆ ತಂದು ಹಾಕಿಕೊಂಡು ಹತ್ತಿ, ಕಟ್ಟೆಯ ಜೊತೆಗೇ ತಗ್ಗಿಸಿದ್ದ ಮೇಲಿನ ಕಪಾಟಿಗೆ ತಲೆ ಬಡಿಸಿಕೊಂಡು ಇಳಿದಳು. ನಗುತ್ತ ಅದನ್ನು ಕಾಲಿನಲ್ಲೇ ಮಾವನ ಕಡೆ ತಳ್ಳಿ, "ತಗೋ, ಇನ್ನು ಇದ್ರ ಮೇಲೆ ನೀನೇ ಕೂತು ಉಣ್ಣು" ಎಂದಳು.

ಮಾವ ಕೂತರು. ಎಲೆಗೆ ಅನ್ನ ಬಿತ್ತು, ಸಾರೂ ಬಿತ್ತು. ಅಮ್ಮ ನಮಗೆ ಬೆನ್ನು ಮಾಡಿ ಹಪ್ಪಳ ಕರಿಯುತ್ತ ನಿಂತಿದ್ದಳು. ಮಾವ ಅನ್ನ ಕಲಸುವುದು ಬಿಟ್ಟು ಅವಳ ಹಿಮ್ಮಡಿಗಳನ್ನೇ ನೋಡುತ್ತಿದ್ದರು. ಎರಡೂ ನೆಲ ಮುಟ್ಟಿದ್ದವು.